ಐಫೋನ್ 3ಜಿ: ಯಾವ ಕೊರತೆ ಸರಿಹೋದೀತು, ಯಾವುದು ಹೋಗದು

2009ರ ಶುರುವಿನಲ್ಲಿ ನಾನು ಟಚ್‌ಸ್ಕ್ರೀನ್ ಫೋನ್ ಹುಡುಕುತ್ತಿದ್ದಾಗ ಬೆಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಐಫೋನ್ 3ಜಿ. ಹಿಂದಿನ ಆಗಸ್ಟ್‌ನಲ್ಲಿ ಏರ್‌ಟೆಲ್, ವೊಡಾಫೋನ್ ಮೂಲಕ ಬಂದಿತ್ತು. 8 ಜಿಬಿಗೆ 31,000 ರೂಪಾಯಿ. ನನ್ನ ಕೈಯಲ್ಲಿದ್ದದ್ದು ನೋಕಿಯಾ ಎನ್95. ಇನ್ನೊಂದು ಆಯ್ಕೆ ಅಂದರೆ ಹೊಸದಾಗಿ ಬಂದಿದ್ದ ನೋಕಿಯಾ 5800 ಎಕ್ಸ್‌ಪ್ರೆಸ್‌ಮ್ಯೂಸಿಕ್.

ಅಂಗಡಿಯವರು ಕೊಡೋ ಕರಪತ್ರದಲ್ಲಿ ಇರೋದನ್ನೆಲ್ಲ ಬರೆದಿರುತ್ತಾರೆ, ಇಲ್ಲದ್ದನ್ನು ಬರೆಯೋದಿಲ್ಲ, ಅಲ್ವಾ? ಹಾಗಾಗಿ ಹಳೇ ಫೋನಿನಲ್ಲಿ ದಿನಾ ಏನೇನು ಮಾಡ್ತೀನಿ ಅಂತ ಗುರುತು ಹಾಕಿಕೊಂಡೆ. ಆಮೇಲೆ ಗೆಳೆಯನ ಐಫೋನ್ ಇಸ್ಕೊಂಡು ಅವೇ ಕೆಲಸಗಳನ್ನು ಮಾಡಿ ನೋಡಿದೆ.

ಪರದೆಗೆ ಮಾತ್ರ ಸೋತೆ. ಎರಡು ಬೆರಳು ಅಗಲಿಸಿದರೆ ಪುಟ ಹಿಗ್ಗುತ್ತದೆ, ಸವರಿದರೆ ಜಾರುತ್ತದೆ. 5800ರದ್ದು ಒತ್ತಿದರೆ ಮಾತ್ರ ಮಾತು ಕೇಳುವ ಪರದೆ. ಸಣ್ಣ ಗುಂಡಿಗಳಿಗೆ ಉಗುರೋ ಕಡ್ಡಿಯೋ ಬೇಕು.

ಆದರೆ ಎಸ್ಸೆಮ್ಮೆಸ್‌ನಲ್ಲಿ ಬಂದ ವಿಳಾಸವನ್ನು ಇನ್ನೊಬ್ಬರಿಗೆ ಕಳಿಸೋಣ ಅಂದರೆ ಕಾಪಿ-ಪೇಸ್ಟ್ ಇಲ್ಲ, ಫಾರ್ವರ್ಡೂ ಇಲ್ಲ. ಚೀಟಿಯಲ್ಲಿ ಬರೆದುಕೊಂಡು ಮತ್ತೆ ಟೈಪ್ ಮಾಡಿದೆ, 31 ಸಾವಿರದ ಫೋನಿನಲ್ಲಿ! 2 ಮೆಗಾಪಿಕ್ಸೆಲ್ ಕ್ಯಾಮೆರಾಗೆ ಫ್ಲ್ಯಾಶ್ ಇಲ್ಲ, ಆಟೊಫೋಕಸ್ ಇಲ್ಲ. ವಿಸಿಟಿಂಗ್ ಕಾರ್ಡನ್ನು ಹತ್ತಿರ ಹಿಡಿದು ತೆಗೆದರೆ ಅಕ್ಷರವೆಲ್ಲ ಮಸುಕು. ಮದುವೆಮನೆಯಲ್ಲಿ ಯಾರಾದರೂ "ಆ ಫೋಟೊ ಬ್ಲೂಟೂತ್ ಮಾಡೋ" ಅಂದರೆ ಅದೂ ಆಗದು. ಮೆಮೊರಿ ಕಾರ್ಡಿಗೆ ಜಾಗ ಇಲ್ಲ, ಬ್ಯಾಟರಿ ಬಿಚ್ಚೋ ಹಾಗಿಲ್ಲ. ಎನ್95ಕ್ಕಾದರೆ ಜೇಬಲ್ಲಿ ಇನ್ನೊಂದು ಬ್ಯಾಟರಿ ಇಟ್ಟುಕೊಂಡು, ಊರಿಗೆ ಹೋಗೋ ರಾತ್ರಿ ಬಸ್ಸಿನಲ್ಲೇ ಬದಲಿಸುತ್ತಿದ್ದೆ. (ಹೆಸರಿನಲ್ಲಿರೋ 3ಜಿ ಆಗ ಏರ್‌ಟೆಲ್‌ನಲ್ಲೂ ಇರಲಿಲ್ಲ, ವೊಡಾಫೋನ್‌ನಲ್ಲೂ ಇರಲಿಲ್ಲ. 3ಜಿ ತರಂಗಾಂತರದ ಹರಾಜು ನಡೆದದ್ದೇ 2010ರಲ್ಲಿ. ಆ ಕೊರತೆ 5800ಕ್ಕೂ ಇದ್ದದ್ದೇ, ಲೆಕ್ಕಕ್ಕೆ ಹಿಡಿಯಲಿಲ್ಲ.)

ಇವನ್ನೆಲ್ಲ ಒಂದೇ ತಕ್ಕಡಿಗೆ ಹಾಕಬಾರದು ಅನ್ನಿಸಿತು. ಕಾಪಿ-ಪೇಸ್ಟ್, ಫಾರ್ವರ್ಡ್ ಎಲ್ಲ ಸಾಫ್ಟ್‌ವೇರ್ ಕೆಲಸ, ಇವತ್ತಿಲ್ಲದಿದ್ದರೆ ನಾಳೆ ಬಂದೀತು. ಅವಕ್ಕೆ ಕಮ್ಮಿ ತೂಕ ಕೊಟ್ಟೆ. ಲೆನ್ಸ್, ಕಾರ್ಡ್, ಬ್ಯಾಟರಿ ಹಾಗಲ್ಲ. ಕೊಂಡ ದಿನ ಹೇಗಿತ್ತೋ ಕೊನೇವರೆಗೂ ಹಾಗೇ. ಅವಕ್ಕೆ ಜಾಸ್ತಿ.

ತಲೆಕೆಡಿಸಿದ್ದು ವಿಡಿಯೊ. ಐಫೋನ್ 3ಜಿಯಲ್ಲಿ ವಿಡಿಯೊ ತೆಗೆಯೋ ಸೌಲಭ್ಯವೇ ಇರಲಿಲ್ಲ. ಆದರೆ ಜೈಲ್‌ಬ್ರೇಕ್ ಮಾಡಿಕೊಂಡವರು, ಅಂದರೆ ಆಪಲ್ ಹಾಕಿದ ಬೀಗ ಮುರಿದು ಹೊರಗಿನ ಸಾಫ್ಟ್‌ವೇರ್ ಹಾಕಿಕೊಂಡವರು, ಅದೇ ಫೋನಿನಲ್ಲಿ ತೆಗೆಯುತ್ತಿದ್ದರು. ಅಂದರೆ ಅದರ ಕೈಲಿ ಆಗೋದಿಲ್ಲ ಅಂತಲ್ಲ, ಕೊಟ್ಟಿಲ್ಲ ಅಷ್ಟೆ. ಬೇಕೂಂತ ಕೊಡದೇ ಇರೋದನ್ನು ನಾಳೆ ಕೊಟ್ಟಾರು ಅಂತ ಸುಮ್ನೆ ಕಾಯೋದ್ಯಾಕೆ? ಅದನ್ನೂ ಬ್ಯಾಟರಿಯ ಜೊತೆಗೇ ಸೇರಿಸಿದೆ.

ಕೊನೆಗೆ 5800 ಕೊಂಡೆ. 8 ಜಿಬಿ ಕಾರ್ಡ್ ಡಬ್ಬಿಯಲ್ಲೇ ಇತ್ತು. ಬ್ರೌಸರ್ ತೆರೆದಾಗಲೆಲ್ಲ ಐಫೋನ್ ಪರದೆ ನೆನಪಾಗುತ್ತಿತ್ತು, ಸುಳ್ಳು ಹೇಳಲಾರೆ. ಜೂನ್‌ನಲ್ಲಿ ಐಫೋನಿನ ಹೊಸ ಸಾಫ್ಟ್‌ವೇರ್ ಐಫೋನ್ ಓಎಸ್ 3.0 ಬಂದಾಗ ಗೆಳೆಯನ ಫೋನಿಗೆ ಕಾಪಿ-ಪೇಸ್ಟೂ ಫಾರ್ವರ್ಡೂ ಸಿಕ್ಕವು. ವಿಡಿಯೊ ಸಿಕ್ಕಿದ್ದು ಅದೇ ತಿಂಗಳು ಹೊರಬಂದ ಹೊಸ ಐಫೋನ್ 3ಜಿಎಸ್‌ಗೆ ಮಾತ್ರ.