ಹತ್ತು ಗ್ರಾಂ ರಬ್ಬರ್, ಒಂದೂವರೆ ನಿಮಿಷ ಹಾರಾಟ

ಸುತ್ತಿದ ರಬ್ಬರ್ ಬಿಚ್ಚಿಕೊಳ್ಳುವಾಗ ಫ್ಯಾನ್ ತಿರುಗಿ ಹಾರುವ ಪುಟ್ಟ ವಿಮಾನ ನನ್ನದು. "ಬ್ಯಾಟರಿ ಹಾಕೋ ಮಾರಾಯ, ರಬ್ಬರೆಲ್ಲ ಮಕ್ಕಳಾಟ" ಅಂದವರೇ ಜಾಸ್ತಿ. ಪಿ-30 (ರಬ್ಬರ್ ವಿಮಾನಗಳ ಒಂದು ಸ್ಪರ್ಧಾ ವರ್ಗ) ನಿಯಮದ ನನ್ನ 30 ಇಂಚಿನ ಮಾಡೆಲ್ ಈಗ 10 ಗ್ರಾಂ ರಬ್ಬರಲ್ಲೇ ಒಂದೂವರೆ ನಿಮಿಷ ಮೇಲಿರುತ್ತದೆ. ಮೊದಲು ಇಪ್ಪತ್ತು ಸೆಕೆಂಡಿಗೇ ಏದುಸಿರು. ರೆಕ್ಕೆ, ಫ್ಯಾನ್ ಎರಡೂ ಹಳೆಯವೇ, ಬದಲಾಗಿದ್ದು ರಬ್ಬರ್ ಮತ್ತು ಅದನ್ನು ಸುತ್ತುವ ರೀತಿ.

ದುಡ್ಡು ಕರಗಿದ್ದೆಲ್ಲ ರಬ್ಬರ್ ಹುಡುಕಾಟದಲ್ಲಿ. ಟೈಲರ್ ಎಲಾಸ್ಟಿಕ್ ಲೆಕ್ಕಕ್ಕೇ ಇಲ್ಲ. ಸೈಕಲ್ ಅಂಗಡಿಯ ಕಪ್ಪು ಟ್ಯೂಬ್ ಸೀಳಿದೆ, ಬ್ಯೂಟೈಲ್ ಎಂಬ ಕೃತಕ ರಬ್ಬರ್ ಅದು. ಗಾಳಿ ಹಿಡಿಯೋದರಲ್ಲಿ ಗಟ್ಟಿಗ, ಆದರೆ ಎಳೆದ ಶಕ್ತಿಯಲ್ಲಿ ದೊಡ್ಡ ಪಾಲನ್ನು ಬಿಸಿ ಮಾಡಿ ತಾನೇ ನುಂಗುತ್ತದೆ. ರಬ್ಬರ್ ಬ್ಯಾಂಡ್ ಪೋಣಿಸಿದರೆ ಗಂಟಿನಲ್ಲೇ ಪಟ್! ಕೊನೆಗೆ ಹೊರದೇಶದಿಂದ 3 ಮಿ.ಮೀ. ಅಗಲದ ರಬ್ಬರ್ ಪಟ್ಟಿ ತರಿಸಿದೆ. ಸುಂಕ, ಕೊರಿಯರ್ ಸೇರಿ ಎರಡೂವರೆ ಸಾವಿರದ ಹತ್ತಿರ. ಮನೆಯಲ್ಲಿ ಹೇಳಿದ್ದು ಅರ್ಧ ರೇಟು.

ಒಳ್ಳೆ ರಬ್ಬರ್ 10 ಗ್ರಾಮಿಗೆ ಸುಮಾರು 80 ಜೂಲ್ ಶಕ್ತಿ ಹಿಡಿಯುತ್ತದೆ. ಅಷ್ಟು ಶಕ್ತಿ 55 ಗ್ರಾಂ ವಿಮಾನವನ್ನು ಲೆಕ್ಕದಲ್ಲಿ 150 ಮೀಟರ್ ಎತ್ತಬೇಕು. ಮೂರನೇ ಒಂದು ಭಾಗ ಸಿಕ್ಕರೂ ನನಗೆ ಹಬ್ಬ.

ಗುಟ್ಟಿರುವುದು ಸುತ್ತುವುದರಲ್ಲಿ. ಸಡಿಲ ಬಿಟ್ಟು ಸುತ್ತಿದರೆ ಒಂದೇ ಕಡೆ ಗಂಟುಕಟ್ಟಿ ಆರುನೂರು ಸುತ್ತಿಗೇ ಕಿತ್ತು, ವಿಮಾನದ ಹಗುರ ಬಾಲ್ಸಾ ಮರ ಚೂರು ಚೂರು. ಈಗ ನಾಲ್ಕೈದು ಪಟ್ಟು ಎಳೆದು ನಿಂತು ಕೈ ಡ್ರಿಲ್ಲಿನಿಂದ ಒಟ್ಟು ಸುತ್ತಿನ ಅರ್ಧದಷ್ಟು ಹಾಕುತ್ತೇನೆ. ಉಳಿದರ್ಧ, ಹೆಜ್ಜೆ ಹೆಜ್ಜೆಯಾಗಿ ವಿಮಾನದತ್ತ ಬರುತ್ತಾ. ಸಾವಿರದ ಹತ್ತಿರ ಹೋಗುತ್ತದೆ. ಸುತ್ತುವಾಗ ಮೋಟರ್ (ಈ ರಬ್ಬರ್ ಕಟ್ಟನ್ನೇ ಹಾಗೆನ್ನುವುದು) ಸುತ್ತ ವೈರಿಂಗ್ ಪೈಪಿನ ತುಂಡು ಇಟ್ಟಿರಿ, ಕಿತ್ತರೂ ಬಾಡಿ ಉಳಿಯುತ್ತದೆ. ಸುತ್ತಿ ಹರಟೆಗೆ ನಿಲ್ಲಬೇಡಿ. ಹಿಡಿದಷ್ಟು ಹೊತ್ತೂ ಎಳೆತ ಇಳಿಯುತ್ತಿರುತ್ತದೆ.

ಎಣ್ಣೆ ಬೇಕೇ ಬೇಕು. ಹೊಲಿಗೆ ಮೆಷಿನ್ ಎಣ್ಣೆ ಹಚ್ಚಿದರೆ ರಬ್ಬರ್ ಊದಿಕೊಂಡು ಸಾಯುತ್ತದೆ. ಹರಳೆಣ್ಣೆ ಸರಿ. ಅದಕ್ಕೆ ಏನು ಬೆರೆಸುತ್ತೇನೆ ಅನ್ನೋದು ನನ್ನಲ್ಲೇ ಇರಲಿ.

ಮಧ್ಯೆ ಒಂದು ಹುಚ್ಚಾಟ: ಪಟ್ಟಿಗೆ ತೂಕ ನೇತುಹಾಕಿ ಹೇರ್ ಡ್ರೈಯರ್ ಹಿಡಿದೆ. ತಂತಿಯಾಗಿದ್ದರೆ ಉದ್ದವಾಗುತ್ತಿತ್ತು, ರಬ್ಬರ್ ತೂಕವನ್ನೇ ಮೇಲಕ್ಕೆಳೆಯಿತು! ಪಟ್ಟನೆ ಎಳೆದು ತುಟಿಗೆ ಮುಟ್ಟಿಸಿ, ಬೆಚ್ಚಗಿರುತ್ತದೆ. ಸ್ವಲ್ಪ ಹೊತ್ತು ಹಿಡಿದು ಬಿಟ್ಟರೆ ತಂಪು. ವಿಮಾನಕ್ಕೆ ಇದರಿಂದ ಮೂರು ಕಾಸಿನ ಲಾಭವಿಲ್ಲ, ಭಾನುವಾರ ಮಾತ್ರ ಖರ್ಚು.

ಐದಾರು ಸಲ ಪೂರ್ತಿ ಸುತ್ತಿದ ಮೋಟರನ್ನು ಪ್ರಾಕ್ಟೀಸಿಗೆ ಇಟ್ಟುಕೊಳ್ಳಿ. ಹೊಸದನ್ನು ಸೋಪು ನೀರಲ್ಲಿ ತೊಳೆದು, ಒಣಗಿಸಿ, ಬಿಸಿಲು ತಾಗದ ಡಬ್ಬಿಗೆ ಹಾಕಿ. ನಮ್ಮನೆಯದು ಫ್ರಿಜ್‌ನಲ್ಲಿದೆ.