ಗೋಪಾಲಸ್ವಾಮಿ ಬೆಟ್ಟದ ಬೆಂಕಿಯಲ್ಲಿ ನಾನು ಕಲಿತದ್ದು

2019ರ ಫೆಬ್ರುವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟ ವಲಯ ಹೊತ್ತಿ ಉರಿದಾಗ ನಾನು ಸ್ವಯಂಸೇವಕನಾಗಿ ಹೋಗಿದ್ದೆ. ಕೈಯಲ್ಲಿದ್ದದ್ದು ಒಂದು ಮಚ್ಚು, ಎರಡು ಬಾಟಲಿ ನೀರು. ಬೆಂಕಿ ಬಡಿಯಲು ಬೇಕಾದದ್ದು ಕಾಡಿನಲ್ಲೇ ಸಿಗುತ್ತದೆ: ಎಲೆ ತುಂಬಿದ ಹಸಿ ಕೊಂಬೆ. ನಾನು ಅದನ್ನು ತಲೆಯ ಮೇಲೆತ್ತಿ ಬಡಿದೆ. ಕಿಡಿ ಹಾರಿ ಬೆನ್ನ ಹಿಂದಿನ ಹುಲ್ಲಿಗೆ ಹತ್ತಿತು. ಜೊತೆಗಿದ್ದ, ಇಲ್ಲಿನ ಕಾಡಿನ ಬುಡಕಟ್ಟಾದ ಸೋಲಿಗ ಸಮುದಾಯದ ಹಿರಿಯ ಬೆಂಕಿ ಕಾವಲುಗಾರರು ಕೊಂಬೆಯನ್ನು ಉರಿಯ ಮೇಲೆ ಒತ್ತಿ, ಸುಟ್ಟ ನೆಲದ ಕಡೆಗೆ ಎಳೆದು ತೋರಿಸಿದರು.

ಎರಡನೆಯ ಪಾಠವೂ ಅವರದೇ. "ಮೇಲಕ್ಕೆ ಹತ್ತಬೇಡಿ ಸ್ವಾಮಿ, ಬೆಂಕಿಗೆ ನಿಮಗಿಂತ ಕಾಲು ಜೋರು." ಇಳಿಜಾರಿನಲ್ಲಿ ಕೆಳಗಿನ ಉರಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿಟ್ಟಿರುತ್ತದೆ, ಅದರ ಮುಂದೆ ನಿಂತವನಿಗೆ ಉಳಿಗಾಲವಿಲ್ಲ. ಹಾಗಾಗಿ ನಾವು ಸುಟ್ಟ ಜಾಗದಲ್ಲಿ ಕಾಲೂರಿ, ಪಕ್ಕದಿಂದ ಬಡಿಯುತ್ತ ಹೋದೆವು. ಆದರೆ ಹೊರದೇಶದಿಂದ ಬಂದು ಕಾಡನ್ನು ಆವರಿಸಿರುವ ಕಳೆ ಲಂಟಾನದ ಪೊದೆಗಳ ಮುಂದೆ ಕೊಂಬೆ ನಡೆಯಲಿಲ್ಲ. ಒಣಗಿದ ಲಂಟಾನವನ್ನೇ ಏಣಿ ಮಾಡಿಕೊಂಡು ಬೆಂಕಿ ಮರದ ನೆತ್ತಿಗೇರುತ್ತಿತ್ತು. ನಂದಿತೆಂದು ಕುಳಿತ ಕಡೆ ಉರಿಯುವ ಕೊರಡೊಂದು ಉರುಳಿ, ಕೆಳಗಿನ ಕಣಿವೆಯಲ್ಲಿ ಹೊಸದಾಗಿ ಹೊತ್ತಿಕೊಂಡಿತು. ಆ ಹೊತ್ತಿನ ಹತಾಶೆಯನ್ನು ನಾನು ಇಂದಿಗೂ ಮರೆತಿಲ್ಲ.

ಕೊನೆಗೆ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಉಪಗ್ರಹ ಚಿತ್ರಗಳ ಲೆಕ್ಕದಲ್ಲಿ ಸುಟ್ಟದ್ದು ಸುಮಾರು 4,400 ಹೆಕ್ಟೇರ್.

ಬೂದಿಯಲ್ಲಿ ನಡೆಯುವಾಗ ಆಮೆಯ ಚಿಪ್ಪೊಂದು ಸಿಕ್ಕಿತು. ಜಿಂಕೆ, ಆನೆ ಓಡಿ ಬದುಕುತ್ತವೆ. ಆಮೆ, ಹಾವು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯ ಮೊಟ್ಟೆ ಎಲ್ಲಿಗೆ ಓಡಬೇಕು? ಮಳೆ ಬಿದ್ದ ಮೇಲೆ ಬೆಟ್ಟ ಹಸಿರಾಯಿತೆಂದು ಜನ ಸಂಭ್ರಮಿಸಿದರು. ಹತ್ತಿರ ಹೋಗಿ ನೋಡಿದರೆ ಬುಡದಿಂದ ಎದ್ದು ಬಂದಿದ್ದ ಆ ಹಸಿರಿನಲ್ಲಿ ಎಷ್ಟೋ ಪಾಲು ಲಂಟಾನವೇ.

ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮೊದಲೇ 'ತರಗು ಬೆಂಕಿ' ಇಡುತ್ತಿದ್ದರು. ತರಗೆಲೆಯಷ್ಟೇ ಉರಿದು ತಣ್ಣಗಾಗುವ ಸಣ್ಣ ಬೆಂಕಿ ಅದು. 1972ರ ವನ್ಯಜೀವಿ ಕಾಯ್ದೆಯ ನಂತರ ಆ ಪದ್ಧತಿಗೆ ತಡೆ ಬಿತ್ತು. ಅವರ ಮಾತಿಗೆ ಕಿವಿಗೊಟ್ಟಿದ್ದರೆ ಇಷ್ಟು ಒಣ ಸೌದೆ ಕಾಡಿನಲ್ಲಿ ಕೂಡುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ಈಗ ನಾನು ಬೆಂಕಿ ಬೀಳುವವರೆಗೆ ಕಾಯುವುದಿಲ್ಲ. ಮಳೆಗಾಲದಲ್ಲಿ ನೆಲ ಮೆತ್ತಗಿರುವಾಗ ಲಂಟಾನ ತೆಗೆಯುವ ತಂಡದ ಜೊತೆ ಹೋಗುತ್ತೇನೆ. ಮಣ್ಣಿನೊಳಗೆ ನಾಲ್ಕು ಬೆರಳು ಇಳಿದು ಬೇರು ಕಡಿದು, ಗಿಡವನ್ನು ತಲೆಕೆಳಗಾಗಿ ನಿಲ್ಲಿಸುತ್ತೇವೆ. ಬುಡ ಮಣ್ಣು ಮುಟ್ಟಿದರೆ ಮತ್ತೆ ಚಿಗುರಿಬಿಡುತ್ತದೆ.