ಹಸ್ತ ಮಳೆ ಬಿಟ್ಟ ಮೇಲೆ ಮಲೆನಾಡಿನಲ್ಲಿ ಚಿಟ್ಟೆ ನೋಡುವುದು ಹೇಗೆ?

ದೇಶದಾದ್ಯಂತ ಚಿಟ್ಟೆಪ್ರಿಯರು 2020ರಿಂದ ಸೆಪ್ಟೆಂಬರ್ ತಿಂಗಳನ್ನು ಚಿಟ್ಟೆಗಳ ತಿಂಗಳೆಂದು ಆಚರಿಸುತ್ತಾರೆ. ಬಯಲುಸೀಮೆಗೆ ಅದು ಸರಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಆ ತಿಂಗಳು ಕೊಡೆ ಹಿಡಿದುಕೊಂಡೇ ಚಿಟ್ಟೆ ಹುಡುಕಬೇಕಾಗುತ್ತದೆ. ನಮ್ಮಲ್ಲಿ ಹಸ್ತ ಮಳೆ ಇಳಿಮುಖವಾಗಿ ನವರಾತ್ರಿಯ ಬಿಸಿಲು ಬಿದ್ದಾಗ ಹಂಗಾಮು ಶುರುವಾಗುತ್ತದೆ. ಅಲ್ಲಿಂದ ಭೂಮಿ ಹುಣ್ಣಿಮೆ, ದೀಪಾವಳಿ ಕಳೆದು ನವೆಂಬರ್ ಕೊನೆಯವರೆಗೆ ಒಳ್ಳೆಯ ಕಾಲ. ಮಳೆಗಾಲದ ಚಿಗುರು ತಿಂದು ಬೆಳೆದ ಹುಳುಗಳೆಲ್ಲ ರೆಕ್ಕೆ ಬಂದು ಹೊರಬೀಳುವುದು ಈಗಲೇ. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ. ಹಿತ್ತಲು, ತೋಟ, ಗದ್ದೆಯಂಚು ಮೂರನ್ನೇ ಸರಿಯಾಗಿ ನೋಡಿದರೂ ಒಂದು ಪುಸ್ತಕದ ಹಾಳೆಗಳು ತುಂಬುವಷ್ಟು ಸಿಗುತ್ತವೆ.

ಹೊಸಬರು ಮಾಡುವ ತಪ್ಪು ಒಂದೇ: ಹಾರುವ ಚಿಟ್ಟೆಯ ಹಿಂದೆ ಓಡುವುದು. ಗಿಡ, ಬಿಸಿಲು, ತೇವ ಈ ಮೂರನ್ನು ಮೊದಲು ಹುಡುಕಿ ಅಲ್ಲೇ ನಿಂತರೆ ಚಿಟ್ಟೆ ತಾನಾಗಿ ಬರುತ್ತದೆ.

ಹೊತ್ತು ಯಾವುದು?

ಬೆಳಗಿನ ಜಾವ ಎದ್ದು ಹೋಗುವುದು ಹಕ್ಕಿ ನೋಡುವವರ ಕ್ರಮ. ಚಿಟ್ಟೆಗೆ ಮೈ ಕಾಯದೆ ಹಾರಲು ಆಗದು. ಅಕ್ಟೋಬರ್‌ನಲ್ಲಿ ಮಂಜು ಕರಗುವುದೇ ಎಂಟೂವರೆಗೆ. ಒಂಬತ್ತರ ಸುಮಾರಿಗೆ ಪೂರ್ವದ ಬಿಸಿಲು ಮೊದಲು ಬೀಳುವ ದರೆ, ಬೇಲಿ, ಕಲ್ಲುಕಟ್ಟೆ ನೋಡಿ. ರೆಕ್ಕೆ ಅಗಲಿಸಿ ಬಿಸಿಲು ಕಾಯಿಸುತ್ತಿರುವ ಚಿಟ್ಟೆಗಳು ಅಲ್ಲಿರುತ್ತವೆ. ಮೈ ಇನ್ನೂ ಬಿಗಿಯಾಗಿರುವುದರಿಂದ ಬೇಗ ಹಾರುವುದಿಲ್ಲ, ಹೊಸಬರು ಫೋಟೊ ತೆಗೆಯಲು ಇದಕ್ಕಿಂತ ಒಳ್ಳೆಯ ಅರ್ಧ ಗಂಟೆ ಇಲ್ಲ. ಒಂಬತ್ತೂವರೆಯಿಂದ ಹನ್ನೆರಡರವರೆಗೆ ಓಡಾಟ ಜೋರು. ಮಧ್ಯಾಹ್ನ ಇಳಿಯುತ್ತದೆ, ಮೂರರ ನಂತರ ಸ್ವಲ್ಪ ಏರುತ್ತದೆ. ಮೋಡ ಮುಚ್ಚಿದರೆ ಮನೆಗೆ ಹೋಗಬೇಡಿ. ಎಲೆಗಳ ಅಡಿಗೆ ಬಗ್ಗಿ ನೋಡಿ, ಹಾರುತ್ತಿದ್ದದ್ದೆಲ್ಲ ಅಲ್ಲಿ ತಲೆಕೆಳಗಾಗಿ ನೇತಾಡುತ್ತಿರುತ್ತದೆ.

ಹಿತ್ತಲಿನಿಂದ ಶುರು

ಬಹುತೇಕ ಚಿಟ್ಟೆಗಳಿಗೆ ಮೊಟ್ಟೆಯಿಡಲು ಗೊತ್ತಾದ ಕೆಲವು ಗಿಡಗಳಿವೆ. ಮರಿಹುಳು ಆ ಗಿಡಗಳ ಎಲೆ ಬಿಟ್ಟು ಬೇರೆ ತಿನ್ನುವುದು ಕಡಿಮೆ. ಆದ್ದರಿಂದ ಗಿಡ ಗೊತ್ತಿದ್ದವರಿಗೆ ಅರ್ಧ ಕೆಲಸ ಮುಗಿದಂತೆ.

ಕರಿಬೇವು, ನಿಂಬೆ, ಹೇರಳೆ ಗಿಡದ ಎಳೆಯ ಎಲೆಗಳನ್ನು ಒಂದೊಂದಾಗಿ ತಿರುಗಿಸಿ. ಸಾಸಿವೆ ಗಾತ್ರದ ತಿಳಿಹಳದಿ ಉರುಟು ಮೊಟ್ಟೆ ಸಿಕ್ಕರೆ ಅದು ಕಾಮನ್ ಮಾರ್ಮನ್ ಅಥವಾ ಅದರ ಹತ್ತಿರದ ನೆಂಟನದು. ಎಳೆಯ ಹುಳು ಥೇಟ್ ಹಕ್ಕಿ ಹಿಕ್ಕೆಯಂತೆ ಕಪ್ಪು ಬಿಳಿಯಾಗಿರುತ್ತದೆ, ಬಲಿತ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ. ಕರಿಬೇವು ಬೋಳಾಯಿತೆಂದು ಇದಕ್ಕೆ ಔಷಧಿ ಹೊಡೆಯುವವರೇ ಹೆಚ್ಚು. ಚೆನ್ನಾಗಿ ಬೇರುಬಿಟ್ಟ ಗಿಡವಾದರೆ ತಿಂಗಳೊಳಗೆ ಮತ್ತೆ ಚಿಗುರುತ್ತದೆ.

ಕಣಗಿಲೆಯ ಎಲೆಯಡಿ ಬೆಳ್ಳಿಯ ಬಣ್ಣದ, ಕನ್ನಡಿಯಂತೆ ಹೊಳೆಯುವ ಕೋಶ ತೂಗಾಡುತ್ತಿದ್ದರೆ ಕಾಮನ್ ಕ್ರೋ. ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್. ಕಾಡುಬಸಳೆಯ ದಪ್ಪ ಎಲೆಯ ಒಳಗೆ ಸುರಂಗ ಕೊರೆದು ಬೆಳೆಯುವುದು ರೆಡ್ ಪಿಯರೋ, ಎಲೆಯ ಮೇಲೆ ಬಿಳಿಚಿದ ಮಚ್ಚೆ ಕಂಡರೆ ಬೆಳಕಿಗೆ ಹಿಡಿದು ನೋಡಿ. ಶುಂಠಿ, ಅರಿಶಿನದ ಎಲೆ ಸುರುಳಿಯಾಗಿ ಅಂಟಿಕೊಂಡಿದ್ದರೆ ಬಿಡಿಸಿ, ಒಳಗೆ ಗ್ರಾಸ್ ಡೆಮನ್ ಹುಳು ಇರಬಹುದು. ಸೀತಾಫಲ, ಸಂಪಿಗೆ ಇದ್ದರೆ ಟೇಲ್ಡ್ ಜೇ ಬಂದೇ ಬರುತ್ತದೆ. ಮಾವಿನ ಮರಕ್ಕೆ ಬಂದಳಿಕೆ ಹತ್ತಿದ್ದರೆ ತಲೆ ಎತ್ತಿ ಕಾಯಿರಿ: ಹಳದಿ, ಕೆಂಪು, ಕಪ್ಪು ಗೆರೆಯ ಕಾಮನ್ ಜೆಜೆಬೆಲ್ ಎತ್ತರದಲ್ಲೇ ಸುತ್ತುತ್ತದೆ. ಅದರ ಚಂದವೆಲ್ಲ ರೆಕ್ಕೆಯ ಕೆಳಬದಿಯಲ್ಲಿರುವುದು ಕೆಳಗೆ ನಿಂತವರ ಪುಣ್ಯ.

ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬೇಕೆನ್ನುವವರು ಈಶ್ವರಿ ಬಳ್ಳಿ ಹುಡುಕಬೇಕು. ರೆಕ್ಕೆ ಹರಡಿದರೆ 14ರಿಂದ 19 ಸೆಂಟಿಮೀಟರ್ ಅಗಲ, ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಬಂಗಾರದ ಹಳದಿ. ಬೆಳಿಗ್ಗೆ ಕೇಪಳ, ಬೆಳ್ಳಟ್ಟಿ ಹೂಗಳಿಗೆ ಇಳಿಯುತ್ತದೆ. ಮಕರಂದ ಹೀರುವಾಗಲೂ ರೆಕ್ಕೆ ಬಡಿಯುವುದನ್ನು ನಿಲ್ಲಿಸುವುದಿಲ್ಲ, ಆದ್ದರಿಂದ ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಡಿಮೆಯಿದ್ದರೆ ಚಿತ್ರ ಮಸುಕಾಗುತ್ತದೆ. ಸಾಂಬಾರಿಗೆ ಹಾಕುವ ಜುಮ್ಮನಕಾಯಿಯ ಮರ ಹತ್ತಿರವಿದ್ದರೆ ಹಸಿರು ನೀಲಿ ಪಟ್ಟೆಯ ಮಲಬಾರ್ ಬ್ಯಾಂಡೆಡ್ ಪೀಕಾಕ್ ಮೇಲೂ ಆಸೆ ಇಡಬಹುದು. ಅದರ ಹುಳು ತಿನ್ನುವುದು ಆ ಮರದ ಎಲೆ.

ಹೂವಿನ ವಿಷಯದಲ್ಲಿ ಒಂದು ಮಾತು. ನರ್ಸರಿಯ ತುಂಬು ದಳದ ಹೈಬ್ರಿಡ್ ಹೂಗಳು ಚಿಟ್ಟೆಗೆ ಹೆಚ್ಚು ಉಪಯೋಗವಿಲ್ಲ. ಮಕರಂದ ಕಡಿಮೆ, ಇದ್ದರೂ ದಳಗಳ ಮಧ್ಯೆ ಹೀರುಕೊಳವೆ ಇಳಿಯದು. ಒಂಟಿ ದಳದ ಹೂ, ಕೇಪಳ, ರಥಪುಷ್ಪ ಸಾಕು. ಲಂಟಾನಕ್ಕೆ ಚಿಟ್ಟೆ ಮುತ್ತುವುದು ನಿಜ, ಇರುವ ಕಡೆ ನಿಂತು ನೋಡಿ, ನೆಡಲು ಹೋಗಬೇಡಿ. ಕಾಡಿಗೆ ಹಬ್ಬಿದರೆ ಕೀಳುವುದು ಕಷ್ಟ.

ತೋಟ, ಗದ್ದೆ, ಬ್ಯಾಣ

ಅಡಿಕೆ ತೋಟದ ನೆರಳಿಗೆ ಅದರದೇ ಚಿಟ್ಟೆಗಳಿವೆ. ಟೇಲ್ಡ್ ಪಾಮ್‌ಫ್ಲೈ ಅಡಿಕೆ, ತೆಂಗಿನ ಗರಿ ತಿಂದು ಬೆಳೆಯುತ್ತದೆ. ಕಾದಿಗೆಯ (ತೋಟದ ನೀರುಗಾಲುವೆಯ) ಪಕ್ಕ ಮೊಣಕಾಲೆತ್ತರದಲ್ಲಿ, ಬೀಳುವ ಹಾಗೆ ತೇಲಿಕೊಂಡು ಹೋಗುವ ಪುಟ್ಟ ಬಿಳಿ ಚಿಟ್ಟೆ ಸೈಕಿ. ಕತ್ತಲಾಗುವ ಹೊತ್ತಿಗೆ ಕೆಂಪು ಕಣ್ಣಿನ ಜೈಂಟ್ ರೆಡ್‌ಐ ಸರ್ರನೆ ಹಾರುತ್ತದೆ, ಟಾರ್ಚ್ ಬೆಳಕಿಗೆ ಕಣ್ಣು ಹೊಳೆಯುತ್ತದೆ.

ಗದ್ದೆಯಲ್ಲಿ ಅಂಚಿನ ಮೇಲೆ ಮಾತ್ರ ನಡೆಯಿರಿ. ಹೊಡೆ ಬಂದ ಬತ್ತಕ್ಕೆ ಕಾಲಿಟ್ಟರೆ ಚಿಟ್ಟೆ ನೋಡುವವರ ಹೆಸರು ಊರಲ್ಲಿ ಕೆಡುತ್ತದೆ. ಅಂಚಿನ ತಗಟೆ ಗಿಡದಲ್ಲಿ ಗ್ರಾಸ್ ಯೆಲ್ಲೋ, ತೆರೆದ ನೆಲದಲ್ಲಿ ಲೆಮನ್ ಪ್ಯಾನ್ಸಿ, ಪೀಕಾಕ್ ಪ್ಯಾನ್ಸಿ. ಕವಲೇದುರ್ಗದ ಬುಡದಲ್ಲಿ ಗದ್ದೆ ದಾಟಿ ನೆರಳಿನ ಕಲ್ಲುಹಾದಿ ಹತ್ತುವಂಥ ಜಾಗಗಳು ಕಲಿಯಲು ಹೇಳಿ ಮಾಡಿಸಿದಂತಿವೆ. ಅರ್ಧ ಗಂಟೆಯ ನಡಿಗೆಯಲ್ಲಿ ಬಯಲಿನ ಚಿಟ್ಟೆ, ಕಾಡಿನ ಚಿಟ್ಟೆ ಎರಡೂ ಕಾಣುತ್ತವೆ.

ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಗಿಲಿಗಿಲಿ ಗಿಡ (ಕ್ರೊಟಲೇರಿಯಾ) ಹುಡುಕಿ, ಅದರಲ್ಲೂ ಒಣಗಿದ, ಮುರಿದ ಕಡ್ಡಿ. ಬ್ಲೂ ಟೈಗರ್, ಕ್ರೋ ಗಂಡುಗಳು ಹೂವಿಲ್ಲದ ಆ ಕಡ್ಡಿಗೆ ಗೊಂಚಲಾಗಿ ಅಂಟಿರುತ್ತವೆ. ಹೆಣ್ಣನ್ನು ಒಲಿಸುವ ಗಂಧ ತಯಾರಿಸಲು ಬೇಕಾದ ಸಸ್ಯಕ್ಷಾರ (ಆಲ್ಕಲಾಯ್ಡ್) ಅದರಲ್ಲಿದೆ. ಈ ಚಿಟ್ಟೆಗಳು ಮುಂಗಾರಿನ ಮುಂಚೆ ಘಟ್ಟದಿಂದ ಪೂರ್ವದ ಬಯಲಿಗೆ ಹೋಗಿ, ಅಕ್ಟೋಬರ್–ನವೆಂಬರ್‌ನಲ್ಲಿ ಮರಳುತ್ತವೆ. ಒಂದೇ ದಿಕ್ಕಿಗೆ ನೂರಾರು ಹಾರುವುದು ಕಂಡರೆ ದಿಕ್ಸೂಚಿ ನೋಡಿ ದಿಕ್ಕು ಬರೆದು, ಐದು ನಿಮಿಷದಲ್ಲಿ ಎಷ್ಟು ದಾಟಿದವೆಂದು ಎಣಿಸಿಟ್ಟುಕೊಳ್ಳಿ.

ಹಳ್ಳದ ದಂಡೆಯ ತೇವ ಮರಳಿಗೆ ಬರುವವು ಬಹುತೇಕ ಗಂಡುಗಳು, ಬರುವುದು ಸೋಡಿಯಂಗಾಗಿ. ನೆಲವೆಲ್ಲ ಒದ್ದೆಯಿರುವ ಸೆಪ್ಟೆಂಬರ್‌ನಲ್ಲಿ ಅವು ಚದುರಿರುತ್ತವೆ. ಬಿಸಿಲಿಗೆ ನೆಲ ಒಣಗಿ ತೇವ ನಾಲ್ಕಾರು ಕಡೆಗೆ ಸೀಮಿತವಾದಾಗ ಬ್ಲೂಬಾಟಲ್, ಎಮಿಗ್ರಂಟ್‌ಗಳ ಗುಂಪು ಕೂಡುತ್ತದೆ. ದನ ನೀರು ಕುಡಿಯುವ ಜಾಗ, ಮೂತ್ರ ಬಿದ್ದ ಮರಳು ಇನ್ನೂ ಒಳ್ಳೆಯದು. ಮನೆಯಲ್ಲೇ ಮಾಡುವುದಾದರೆ ಅಗಲದ ಬೋಗುಣಿಗೆ ಮರಳು ಮಣ್ಣು ಅರ್ಧರ್ಧ ತುಂಬಿ, ಎರಡು ಚಿಟಿಕೆ ಕಲ್ಲುಪ್ಪು, ಒಂದು ಲೋಟ ಗಂಜಲ ಹಾಕಿ ಬಿಸಿಲಲ್ಲಿಡಿ. ನೀರು ನಿಲ್ಲಬಾರದು, ಒಣಗಲೂಬಾರದು. ಉಪ್ಪು ಹೆಚ್ಚಾದರೆ ಯಾವುದೂ ಕೂರುವುದಿಲ್ಲ.

ಹತ್ತಿರ ಹೋಗುವ ಬಗೆ

ನಾಲ್ಕೈದು ಮೀಟರ್ ದೂರದಲ್ಲಿ ನಿಲ್ಲಿ. ನಿಮ್ಮ ನೆರಳು ಯಾವ ಕಡೆ ಬೀಳುತ್ತದೆ ನೋಡಿಕೊಳ್ಳಿ, ಅದು ಚಿಟ್ಟೆಯ ಮೇಲೆ ಹಾದರೆ ಮುಗಿಯಿತು. ಕುಕ್ಕರಗಾಲಲ್ಲಿ ಕೂತು, ಕೈ ಮೈಗೆ ಅಂಟಿಸಿಕೊಂಡು, ಅದು ರಸ ಹೀರಲು ತೊಡಗಿದ ಮೇಲೆ ಮುಂದೆ ಸರಿಯಿರಿ. ಮರಳಿನ ಗುಂಪು ಎದ್ದುಬಿಟ್ಟರೆ ಹಿಂದೆ ಸರಿಯಬೇಡಿ, ಅಲ್ಲೇ ಅಲುಗಾಡದೆ ಕೂತಿರಿ, ಒಂದೆರಡು ನಿಮಿಷದಲ್ಲಿ ಅವು ಪುನಃ ಇಳಿಯುತ್ತವೆ.

ದುರ್ಬೀನು ಕೊಳ್ಳುವವರು ಅಂಗಡಿಯಲ್ಲೇ ನಿಮ್ಮ ಚಪ್ಪಲಿಯ ತುದಿ ನೋಡಿ. ಎರಡು ಮೀಟರ್ ಹತ್ತಿರದ್ದು ಸ್ಪಷ್ಟವಾಗಿ ಕಾಣದಿದ್ದರೆ ಹಕ್ಕಿಗೆ ಸರಿ, ಚಿಟ್ಟೆಗೆ ಬೇಡ. 8×32 ಅಥವಾ 8×42 ಅಳತೆ ಸಾಕು. ಫೋನಿನಲ್ಲಾದರೆ ಮೂತಿಗೆ ಹಿಡಿಯುವ ಬದಲು ಮುಕ್ಕಾಲು ಮೀಟರ್ ದೂರದಿಂದ ಎರಡು ಪಟ್ಟು ಝೂಮ್ ಮಾಡಿ. ಮೇಲಿನಿಂದ ಒಂದು, ರೆಕ್ಕೆ ಮಡಚಿದಾಗ ಪಕ್ಕದಿಂದ ಒಂದು, ಹೀಗೆ ಎರಡು ಚಿತ್ರ ಕಡ್ಡಾಯ. ಒಂದೇ ಬದಿಯ ಚಿತ್ರ ಇಟ್ಟುಕೊಂಡು ಹೆಸರು ಹುಡುಕುವುದೇ ಮುಂದಿನ ಗೊಂದಲಕ್ಕೆಲ್ಲ ಮೂಲ.

ವೇಷಧಾರಿಗಳು

ಕಪ್ಪು ರೆಕ್ಕೆಯಲ್ಲಿ ಕೆಂಪು ಬೊಟ್ಟಿದ್ದರೆ ರೋಸ್ ಎಂದು ಬರೆದುಬಿಡುತ್ತಾರೆ. ಹೊಟ್ಟೆ ನೋಡಿ: ಕಾಮನ್ ರೋಸ್, ಕ್ರಿಮ್ಸನ್ ರೋಸ್‌ಗಳ ಮೈ ಕೆಂಪು, ಅವುಗಳ ವೇಷ ಹಾಕಿದ ಕಾಮನ್ ಮಾರ್ಮನ್ ಹೆಣ್ಣಿನ ಮೈ ಕಪ್ಪು. ರೋಸ್‌ಗಳು ಈಶ್ವರಿ ಬಳ್ಳಿ ತಿಂದು ವಿಷವಾದವು. ಒಮ್ಮೆ ತಿಂದು ನೋಡಿದ ಹಕ್ಕಿ ಮತ್ತೆ ಆ ಬಣ್ಣಕ್ಕೆ ಬಾಯಿ ಹಾಕದು. ಅದರ ಲಾಭ ಮಾರ್ಮನ್‌ಗೆ. ಇದೇ ರೀತಿ ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುವೆ ಮೂರ್ನಾಲ್ಕು ಕಪ್ಪು ಚುಕ್ಕಿಗಳಿರುತ್ತವೆ. ಮೇಲಂಚಿನಲ್ಲಿ ಒಂದೇ ಚುಕ್ಕಿಯಿದ್ದರೆ ಅದು ಡನೈಡ್ ಎಗ್‌ಫ್ಲೈ ಹೆಣ್ಣು.

ಈ ತಿಂಗಳುಗಳ ಇನ್ನೊಂದು ತೊಡಕು, ಒಂದೇ ಜಾತಿಗೆ ಎರಡು ಅಂಗಿ. ಬತ್ತದ ಗದ್ದೆಯ ಕಾಮನ್ ಈವ್ನಿಂಗ್ ಬ್ರೌನ್ ಮಳೆಗಾಲದಲ್ಲಿ ರೆಕ್ಕೆಯಡಿ ಸಾಲಾಗಿ ಕಣ್ಣಿನ ಗುರುತು ಹೊತ್ತಿರುತ್ತದೆ, ಹಕ್ಕಿಯ ಕೊಕ್ಕು ತಲೆ ಬಿಟ್ಟು ರೆಕ್ಕೆಯಂಚಿಗೆ ಬೀಳಲಿ ಎಂದು. ಒಣಗಾಲದಲ್ಲಿ ಹುಟ್ಟುವುದಕ್ಕೆ ಕಣ್ಣುಗಳಿಲ್ಲ, ಬರೀ ತರಗೆಲೆಯ ಬಣ್ಣ. ಪೀಕಾಕ್ ಪ್ಯಾನ್ಸಿಯೂ ಹೀಗೆಯೇ. ಅಕ್ಟೋಬರ್–ನವೆಂಬರ್‌ನಲ್ಲಿ ಎರಡೂ ಒಟ್ಟಿಗೆ ಹಾರುವುದರಿಂದ ಬೇರೆ ಬೇರೆ ಜಾತಿಯೆಂದು ಎಣಿಸಿಬಿಡಬೇಡಿ. ಮೊಬೈಲ್ ಆ್ಯಪ್‌ಗಳು ದೊಡ್ಡ ಚಿಟ್ಟೆಗಳಿಗೆ ಪರವಾಗಿಲ್ಲ. ಕಂದು ಬಣ್ಣದ ಸಣ್ಣ ಸ್ಕಿಪ್ಪರ್‌ಗಳ ವಿಷಯದಲ್ಲಿ ಅವು ಹೇಳಿದ್ದನ್ನು ನಂಬುವ ಮೊದಲು ತಿಳಿದವರಿಗೆ ಚಿತ್ರ ತೋರಿಸಿ.

ಹಣ್ಣಿನ ಪಾಕ

ನವಾಬ್, ಬ್ಯಾರನ್, ಎಲೆಯಂತೆ ಕಾಣುವ ಬ್ಲೂ ಓಕ್‌ಲೀಫ್ ಹೂವಿಗೆ ಬರುವುದು ಅಪರೂಪ. ಅವಕ್ಕೆ ಕೊಳೆತ ಹಣ್ಣು ಬೇಕು. ಕಪ್ಪಾದ ನಾಲ್ಕು ಬಾಳೆಹಣ್ಣು ಕಿವುಚಿ, 100 ಗ್ರಾಂ ಬೆಲ್ಲ, ಕಾಲು ಲೋಟ ನೀರು ಸೇರಿಸಿ, ಪಾತ್ರೆಗೆ ಬಟ್ಟೆ ಕಟ್ಟಿ ಎರಡು ದಿನ ಇಡಿ. ಹುಳಿ ವಾಸನೆ ಬಂದ ಮೇಲೆ ಕಾಡಂಚಿನ ಮರದ ಕಾಂಡಕ್ಕೆ ಎದೆಯೆತ್ತರದಲ್ಲಿ, ನೆರಳಿರುವ ಬದಿಗೆ ತೆಳ್ಳಗೆ ಬಳಿಯಿರಿ. ಇಡೀ ಹಣ್ಣು ಇಟ್ಟರೆ ಮಂಗಗಳು ಹತ್ತು ನಿಮಿಷ ಬಿಡುವುದಿಲ್ಲ. ದಪ್ಪಗೆ ಬಳಿದರೆ ಇರುವೆ ತುಂಬಿ ಚಿಟ್ಟೆ ಕೂರದು. ಸಂಜೆ ನೀರು ಹಾಕಿ ತೊಳೆಯದಿದ್ದರೆ ರಾತ್ರಿ ಹಂದಿಗಳು ಬಂದು ಬುಡ ಕೆದಕುತ್ತವೆ. ಅಭಯಾರಣ್ಯದೊಳಗೆ ಇದನ್ನು ಮಾಡಬಾರದು. ಬಲೆ ಹಿಡಿದು ಹೋಗುವುದೂ ಬೇಡ, ಹಲವು ಚಿಟ್ಟೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ.

ಲೆಕ್ಕ ಇಡುವುದು

ಮನೆಯಿಂದ ಸುಮಾರು 300 ಮೀಟರ್‌ನ ಒಂದೇ ದಾರಿ ಗೊತ್ತು ಮಾಡಿಕೊಂಡು, ವಾರಕ್ಕೊಮ್ಮೆ ಹತ್ತು ಗಂಟೆಗೆ, ಬಿಸಿಲಿರುವ ದಿನ, ಅರ್ಧ ಗಂಟೆಯಲ್ಲಿ ನಡೆದು ಮುಗಿಸಿ. ಎಡಕ್ಕೂ ಬಲಕ್ಕೂ ಎರಡೂವರೆ ಮೀಟರ್, ಮುಂದಕ್ಕೆ ಐದು ಮೀಟರ್, ಇಷ್ಟರೊಳಗೆ ಕಂಡದ್ದನ್ನು ಮಾತ್ರ ಬರೆಯಿರಿ. ಹೆಸರು ತಿಳಿಯದಿದ್ದರೆ ‘ಸಣ್ಣ ನೀಲಿ’ ಎಂದಿರಲಿ, ಊಹೆಯ ಹೆಸರು ಬೇಡ. ಪಕ್ಕದಲ್ಲಿ ಕೂತಿದ್ದ ಗಿಡದ ಹೆಸರು ಇದ್ದರೆ ಮುಂದಿನ ವರ್ಷ ಎಲ್ಲಿ ನಿಲ್ಲಬೇಕೆಂದು ಆ ಪುಸ್ತಕವೇ ಹೇಳುತ್ತದೆ.

ಇಂಬಳ, ಉಣುಗು

ಅಕ್ಟೋಬರ್‌ನಲ್ಲಿ ಕಾನಿನ (ಕಾಡಿನ) ನೆಲದಲ್ಲಿ ಇಂಬಳ (ಜಿಗಣೆ) ಇನ್ನೂ ಇರುತ್ತದೆ. ಪ್ಯಾಂಟನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ, ಮೇಲೆ ಸುಣ್ಣ ಹೊಗೆಸೊಪ್ಪು ಸವರಿದರೆ ಹತ್ತುವುದು ಕಡಿಮೆ. ಅದು ರಕ್ತವಷ್ಟೇ ಕುಡಿಯುತ್ತದೆ. ಹೆದರಬೇಕಾದದ್ದು ನವೆಂಬರ್ ನಂತರ ಹೆಚ್ಚುವ ಉಣುಗಿಗೆ (ಉಣ್ಣೆ ಹುಳುವಿಗೆ). 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ತರಗೆಲೆಯ ಮೇಲೆ ಕೂರಬೇಡಿ, ಮಲಗಿ ಫೋಟೊ ತೆಗೆಯಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಸೊಂಟ, ಮಂಡಿಯ ಹಿಂಬದಿ ಪರೀಕ್ಷಿಸಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿರುಗಿ ಬಂದು ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ನಡಿಗೆಯ ನಂತರದ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.